ಅಮ್ಮಿನಬಾವಿಯಿಂದ ಅಣಶಿಯವರೆಗೆ: ಒಂದೇ ದಾರಿ, ಮೂರು ಕಾಡು



ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನು ನೋಡಿಬರಲು ನಮ್ಮ ಸಂಘದ ಹನ್ನೊಂದು ಜನ ಹೋಗಿದ್ದೆವು. ಸದಸ್ಯರೊಬ್ಬರ ಬೀಗರ ಊರು ಅಮ್ಮಿನಬಾವಿ. ಧಾರವಾಡದಿಂದ ಸವದತ್ತಿ ರಸ್ತೆಯಲ್ಲಿ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಆ ಊರಿನಲ್ಲಿ ಒಂದು ರಾತ್ರಿ ತಂಗಿ, ಬರುವಾಗ ನೇರ ರಸ್ತೆಯನ್ನು ಬಿಟ್ಟು ಕಾಡಿನ ದಾರಿಯಲ್ಲಿ ಬಂದೆವು. ಆ ದಾರಿಯಲ್ಲಿ ಕಂಡುಕೊಂಡ ಕೆಲವು ಸಂಗತಿಗಳು ಅಡಿಕೆ, ಕಾಫಿ ಬೆಳೆಯುವ ನಮಗೆಲ್ಲ ತಿಳಿದಿರಬೇಕಾದವು ಎನಿಸಿದ್ದರಿಂದ ಈ ಲೇಖನ.

ಅಮ್ಮಿನಬಾವಿಯದು ಎರೆಭೂಮಿ. ಕಣ್ಣು ಹಾಯಿಸಿದಷ್ಟು ದೂರ ಹೊಲವೇ ಹೊಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತಾಗ ಮನೆಯ ಹಿರಿಯರು ಅಂದರು: "ನಿಮ್ಮ ಕಡೆ ಅಡವಿ ಚಂದ ಇದ್ದರನ ನಮ್ಮ ಕಡೆ ನಳಕ್ಕ ನೀರು ಬರ್ತದರಿ." ಮೊದಲು ಇದು ಉಪಚಾರದ ಮಾತೆಂದು ತಿಳಿದೆವು. ಆದರೆ ಮಾತು ನಿಜ. ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿ ಶುದ್ಧಿಯಾಗಿ ಧಾರವಾಡಕ್ಕೆ ಹೋಗುತ್ತದೆ. ಆ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ನೆತ್ತಿಯ ಕಾಡಿನಲ್ಲಿ. ನಾವು ಮರುದಿನ ಹೋಗಲಿದ್ದ ಕಾಡಿಗೆ ಅದು ಉತ್ತರದ ನೆರೆ.

ಬೆಳಿಗ್ಗೆ ಹೊರಟು ಧಾರವಾಡ ದಾಟಿ ಹಳಿಯಾಳದ ದಾರಿ ಹಿಡಿದೆವು. ಧಾರವಾಡವೇ ನೀರಿನ ಗಡಿ. ಅದರ ಪೂರ್ವಕ್ಕೆ ಹರಿದ ಹಳ್ಳಗಳು ಮಲಪ್ರಭೆ, ಕೃಷ್ಣೆಯರನ್ನು ಕೂಡಿ ಬಂಗಾಳ ಕೊಲ್ಲಿ ಸೇರುತ್ತವೆ. ಊರಿನ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯಾದರೋ ಬೇಡ್ತಿಯನ್ನು ಕೂಡಿ ಪಶ್ಚಿಮದ ಸಮುದ್ರಕ್ಕೆ ಹೋಗುತ್ತಾಳೆ.

ಇಲ್ಲಿಂದ ಮುಂದೆ ಕಾಡು ಬದಲಾಗುತ್ತ ಹೋಗುವುದಕ್ಕೆ ಕಾರಣ ಮಳೆ. ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿದು ಮಳೆ ಸುರಿಸುತ್ತದೆ, ಘಟ್ಟ ದಾಟಿ ಇಳಿಯುವಷ್ಟರಲ್ಲಿ ಒಣಗಿರುತ್ತದೆ. ಧಾರವಾಡಕ್ಕೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ ಕಾರವಾರಕ್ಕೆ ಅದರ ಮೂರು ಪಾಲಿಗೂ ಮಿಕ್ಕು. ನಾವು ಹೋದದ್ದು ಮಳೆ ಬರುವ ದಿಕ್ಕಿಗೆ ಎದುರಾಗಿ. ಆದ್ದರಿಂದ ಮೊದಲು ಕುರುಚಲು ಮತ್ತು ಒಣ ಕಾಡು, ದಾಂಡೇಲಿಯ ಸುತ್ತ ಸಾಗವಾನಿ, ಮತ್ತಿ, ನಂದಿ, ಹೊನ್ನೆ, ಬಿದಿರುಗಳ ಎಲೆ ಉದುರುವ ಕಾಡು, ಅಣಶಿಯ ಕಡೆ ರಂಪತ್ರೆ, ಮುರುಗಲು, ಬೈನೆಗಳಿರುವ ನಿತ್ಯಹಸುರಿನ ಕಾಡು. ಒಂದೇ ಹಗಲಿನ ಪ್ರಯಾಣದಲ್ಲಿ ಈ ಮೂರನ್ನೂ ನೋಡಬಹುದು.

ದಾಂಡೇಲಿ ವನ್ಯಧಾಮವಾದದ್ದು 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. 2007ರಲ್ಲಿ ಎರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನಿಟ್ಟರು. ಹುಲಿಗಿಂತ ಕರಿಚಿರತೆಗೆ ಈ ಕಾಡು ಹೆಸರಾದದ್ದು. ನಮಗೆ ಎರಡೂ ಕಾಣಲಿಲ್ಲ. ಕುಳಗಿಯ ಪ್ರಕೃತಿ ಶಿಬಿರದಲ್ಲಿ ತಂಗಿದ ರಾತ್ರಿ ಕಡವೆಯ ಕೂಗು ಕೇಳಿತು, ಅಷ್ಟೇ.

ಆದರೆ ಮಂಗಟ್ಟೆಗಳನ್ನು ಕಣ್ತುಂಬ ಕಂಡೆವು. ಈ ಹಕ್ಕಿಯ ಸಂಸಾರ ಕೇಳತಕ್ಕದ್ದು. ಹೆಣ್ಣು ದೊಡ್ಡ ಮರದ ಪೊಟರೆಯನ್ನು ಹೊಕ್ಕು ಬಾಯಿಯನ್ನು ಮೆತ್ತಿಕೊಳ್ಳುತ್ತದೆ. ಒಂದು ಸೀಳನ್ನಷ್ಟೇ ಬಿಡುತ್ತದೆ. ಮೊಟ್ಟೆ ಒಡೆದು ಮರಿ ಬಲಿಯುವತನಕ ಗಂಡೇ ಹಣ್ಣು ತಂದು ಉಣಿಸಬೇಕು. ಗಂಡು ಸತ್ತರೆ ಒಳಗಿನ ಸಂಸಾರಕ್ಕೂ ಅಪಾಯ. ತಿಂದ ಹಣ್ಣಿನ ಬೀಜವನ್ನು ಕಾಡೆಲ್ಲ ಬಿತ್ತುವವೂ ಇವೇ. ಹಳೆಯ ಪೊಟರೆ ಮರವನ್ನು "ಉಪಯೋಗವಿಲ್ಲದ ಮರ"ವೆಂದು ಕಡಿಯುವ ನಮ್ಮ ತೋಟಿಗರು ಇದನ್ನು ನೆನಪಿಡಬೇಕು. 2011ರಲ್ಲಿ ಸರಕಾರ ದಾಂಡೇಲಿಯ ಬಳಿ ಈ ಹಕ್ಕಿಗಾಗಿಯೇ ಸಂರಕ್ಷಿತ ಪ್ರದೇಶವೊಂದನ್ನು ಘೋಷಿಸಿದೆ.

ಮರುದಿನ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟನ್ನು ನೋಡಿದೆವು. ಕಾಳಿ ಹರಿಯುವುದು ಒಟ್ಟು 184 ಕಿಲೋಮೀಟರ್. ಅಷ್ಟರಲ್ಲೇ ಹಲವು ಅಣೆಕಟ್ಟುಗಳು. ಹಳೆಯ ಸೂಪಾ ಊರು ನೀರಿನಡಿ ಹೋಗಿ, ತಾಲ್ಲೂಕಿನ ಠಾಣೆ ಜೊಯಿಡಾಕ್ಕೆ ಬಂತು. ನಮ್ಮ ಮನೆಯ ದೀಪಕ್ಕೆ ಯಾರೋ ಊರು ಬಿಟ್ಟಿದ್ದಾರೆ ಎಂಬುದನ್ನು ಅಲ್ಲಿ ನಿಂತಾಗ ಮರೆಯುವಂತಿಲ್ಲ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅಣಶಿಯ ದಾರಿಯಲ್ಲಿ ಗಾಡಿ ನಿಲ್ಲಿಸಿ ನಾವು ಮಂಗಗಳಿಗೆ ಬಾಳೆಹಣ್ಣು ಹಾಕಿದೆವು. ಅರಣ್ಯ ಕಾವಲುಗಾರನೊಬ್ಬ ಬಂದು, "ಸಾರ್, ನೀವು ಹೋಗ್ತೀರಿ. ಇವು ನಾಳೆಯಿಂದ ರಸ್ತೆ ಕಾಯ್ತವೆ, ಗಾಡಿಗೆ ಸಿಕ್ಕಿ ಸಾಯ್ತವೆ" ಎಂದ. ಅರ್ಧ ಮೈಲಿ ಮುಂದೆ ರಸ್ತೆಯಲ್ಲಿ ಅಪ್ಪಚ್ಚಿಯಾದ ಮರಿಮಂಗ ಕಂಡಿತು. ಗಾಡಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ತೋಟಕ್ಕೆ ಮಂಗನ ಕಾಟವೆಂದು ಸಂಘಕ್ಕೆ ಅರ್ಜಿ ಕೊಡುವವರೂ ನಾವೇ, ಅವಕ್ಕೆ ಮನುಷ್ಯರ ರುಚಿ ಹತ್ತಿಸುವವರೂ ನಾವೇ. ವನ್ಯಧಾಮದಲ್ಲಿ ಪ್ರಾಣಿಗಳನ್ನು ಕೆಣಕುವುದನ್ನೂ ಕಸ ಎಸೆಯುವುದನ್ನೂ 1972ರ ಕಾಯಿದೆ ನಿಷೇಧಿಸಿದೆ.

ಯಲ್ಲಾಪುರ ದಾಟಿ ಬೇಡ್ತಿ ಹೊಳೆಯ ಸೇತುವೆಗೆ ಬಂದಾಗ ಸಂಜೆಯಾಗಿತ್ತು. ಈ ಹೊಳೆಗೆ ಜಲವಿದ್ಯುತ್ ಯೋಜನೆ ಬಂದಾಗ, 1981ರಲ್ಲಿ ವಿಜ್ಞಾನಿಗಳನ್ನು ಕರೆಸಿ ಅದರ ಲಾಭ-ನಷ್ಟವನ್ನು ಚರ್ಚೆಗಿಟ್ಟದ್ದು ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘವೇ. ಯೋಜನೆ ಆಗ ನಿಂತಿತು. ಅಡಿಕೆಯ ವ್ಯಾಪಾರದ ಜೊತೆಗೆ ಕಾಡಿನ ಲೆಕ್ಕವನ್ನೂ ಸಹಕಾರ ಸಂಘ ನೋಡಬಹುದೆಂಬುದಕ್ಕೆ ಇದೇ ಸಾಕ್ಷಿ.

ಹೋಗುವವರಿಗೆ ಎರಡು ಮಾತು. ಮಳೆಗಾಲ ಕಳೆದ ಮೇಲೆ ಹೋಗಿ. ಶಿಬಿರದ ಕೋಣೆಯನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಿ. ದಾಂಡೇಲಿಯಲ್ಲೇ ಎಣ್ಣೆ ತುಂಬಿಸಿ. ಕಾಡಿನಲ್ಲಿ ನಿಧಾನವಾಗಿ ನಡೆಸಿ, ಹಾರನ್ನು ಬೇಡ. ತಿಂಡಿಯ ಕಾಗದ, ಬಾಟಲಿಗಳನ್ನು ಮನೆಗೇ ತನ್ನಿ.

ಮುಂದಿನ ವರ್ಷ ಅಮ್ಮಿನಬಾವಿಯ ಬಂಧುಗಳನ್ನು ನಮ್ಮ ಕಡೆ ಕರೆದಿದ್ದೇವೆ. ಅವರಿಗೆ ತೋರಿಸಲು ತೋಟದ ತಲೆಯ ಬೆಟ್ಟ ಹಸಿರಾಗಿ ಇರಬೇಕು. ಅದು ಸದಸ್ಯರ ಕೈಯಲ್ಲಿದೆ.

— ಕಾರ್ಯದರ್ಶಿ