ಬಂದೂಕಿಗೂ ಒಂದು ತಿಜೋರಿ

1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ, ಮೊಗಲ್ ಸೈನ್ಯವನ್ನು ವಾರಗಟ್ಟಲೆ ತಡೆದದ್ದು ಅಲ್ಲಿನ ದೊರೆ ಪಿಡ್ಡನಾಯಕನ ಬೇಡರ ಬಂದೂಕುಗಳು. ಸುರಪುರ ಸೀಮೆಯಲ್ಲಿ ಬಂದೂಕು ಸದಾ ಕೈಗೆಟುಕುವಂತಿರಬೇಕಾದ ಕಾಲ ಅದು.

1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿ ಎಂದರು. ಮುಧೋಳದ ಬಳಿಯ ಹಲಗಲಿ ಬೇಡರು ಒಪ್ಪದೆ ಹೋರಾಡಿ ಮಡಿದರು. ಮರುವರ್ಷ ಫೆಬ್ರುವರಿಯಲ್ಲಿ ಸುರಪುರವೂ ಬಿತ್ತು. ಸೆರೆಸಿಕ್ಕ ರಾಜಾ ವೆಂಕಟಪ್ಪನಾಯಕರನ್ನು ಸಾಗಿಸುವಾಗ, ಬೆಂಗಾವಲಿನ ಅಧಿಕಾರಿ ಡೇರೆಯಲ್ಲಿ ಬಿಟ್ಟಿದ್ದ ರಿವಾಲ್ವರಿನ ಗುಂಡಿಗೆ ಅವರು ತೀರಿಕೊಂಡರೆಂದು ಆಗಿನ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬ್ರಿಟಿಷರೇ ಕೊಂದರು ಎನ್ನುವವರು ಇಂದಿಗೂ ಇದ್ದಾರೆ. ಟೇಲರನ ಮಾತನ್ನೇ ಹಿಡಿದರೂ ಪ್ರಶ್ನೆ ತಪ್ಪದು: ಗುಂಡು ತುಂಬಿದ ಆಯುಧ ಇನ್ನೊಬ್ಬರ ಕೈಗೆ ಸಿಕ್ಕಿದ್ದಾದರೂ ಹೇಗೆ?

ಕಾನೂನು ಈ ಪ್ರಶ್ನೆಗೆ ಬಂದದ್ದು ತಡವಾಗಿ. 1878 ಮತ್ತು 1959ರ ಶಸ್ತ್ರಾಸ್ತ್ರ ಕಾಯ್ದೆಗಳ ಮುಖ್ಯ ಚಿಂತೆ, ಬಂದೂಕು ಯಾರ ಬಳಿ ಇರಬೇಕು ಎಂಬುದು. 2016ರ ನಿಯಮಗಳು ಮನೆಯೊಳಕ್ಕೇ ಕಾಲಿಟ್ಟವು. ಆಯುಧವನ್ನು ಭದ್ರವಾಗಿ ಇಡುತ್ತೇನೆಂದು ಪರವಾನಗಿ ಕೇಳುವವರು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡುವ ಬಂದೂಕು, ಉಳಿದ ದಿನಗಳಲ್ಲಿ ಮನೆಯವರ ಹೊಣೆ.

ಹಾಗಾಗಿ ತಿಜೋರಿ ಬೇಕು. ಜೋಡುನಳಿಗೆಯ ಬಂದೂಕು ಸುಮಾರು ನಾಲ್ಕಡಿ ಉದ್ದ. ಕೊಳ್ಳುವಾಗ ಒಳಗಿನ ಎತ್ತರ ಅಳೆಯಬೇಕು. ಇಬ್ಬರು ಹೊತ್ತೊಯ್ಯಬಹುದಾದ ಪೆಟ್ಟಿಗೆಯನ್ನು ಒಳಗಿನಿಂದ ಬೋಲ್ಟ್ ಹಾಕಿ ಬಿಗಿಯದಿದ್ದರೆ, ಕಳ್ಳನಿಗೆ ಬಂದೂಕನ್ನು ಕಟ್ಟಿಕೊಟ್ಟಂತೆಯೇ. ಕೊಂಕಲ್, ಶಹಾಪುರದ ಕಡೆಯ ಹಳೆ ಮನೆಗಳಲ್ಲಿ ಇದು ಸುಲಭವಲ್ಲ. ಕಲ್ಲು-ಮಣ್ಣಿನ ಗೋಡೆ ಬೋಲ್ಟ್ ಹಿಡಿಯದು. ನೆಲಕ್ಕೆ ಹಾಸಿದ ಶಹಾಬಾದ್ ಪರ್ಸಿ ಕಲ್ಲು ಪದರು ಪದರಾಗಿ ಏಳುತ್ತದೆ. ಒಂದು ಪರ್ಸಿ ಎಬ್ಬಿಸಿ, ಕೆಳಗೆ ಕಾಂಕ್ರೀಟ್ ಹಾಕಿ, ಅದು ಗಟ್ಟಿಯಾದ ಮೇಲೆ ಬೋಲ್ಟ್ ಬಿಗಿಯುವುದೇ ದಾರಿ. ಪಡಸಾಲೆಯಲ್ಲಿ ಬಂದವರ ಕಣ್ಣಿಗೆ ಬೀಳುವುದು ಬೇಡ, ಬಚ್ಚಲ ಗೋಡೆಯ ತೇವವೂ ಬೇಡ. ಒಳಕೋಣೆಯ ಮೂಲೆ ಒಳ್ಳೆಯದು. ಬಂದೂಕು ಖಾಲಿ ಇರಲಿ. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಕೀಲಿ.

ಇಷ್ಟೆಲ್ಲ ಮಾಡಿ ಕೀಲಿಕೈಯನ್ನು ದೇವರ ಜಗಲಿಯ ಮೇಲಿಟ್ಟರೆ, ಒಬ್ಬರ ಹೆಸರಿನ ಪರವಾನಗಿಯನ್ನು ಮನೆಮಂದಿಗೆಲ್ಲ ಹಂಚಿದಂತೆ.