ಗಣಕಯಂತ್ರ ತಡವಾಗಿ ಏಳುತ್ತಿದೆಯೇ?

ಮಕ್ಕಳ ಪಾಠ, ಹಿರಿಯರ ನಿವೃತ್ತಿವೇತನದ ಕಾಗದಪತ್ರ, ಅಂಗಡಿಯ ಲೆಕ್ಕ, ಮದುವೆಯ ಛಾಯಾಚಿತ್ರ ಇವೆಲ್ಲವನ್ನೂ ಇಂದು ಮನೆಯ ಒಂದೇ ಗಣಕಯಂತ್ರವು ತನ್ನ ಒಡಲಲ್ಲಿ ಇರಿಸಿಕೊಂಡಿರುತ್ತದೆ. ಕೊಂಡ ಹೊಸದರಲ್ಲಿ ಒಂದು ನಿಮಿಷದೊಳಗೆ ಸಿದ್ಧವಾಗುತ್ತಿದ್ದ ಯಂತ್ರವು ಕೆಲವು ವರ್ಷಗಳ ತರುವಾಯ, ಗುಂಡಿ ಒತ್ತಿ ಚಹಾ ಕುಡಿದು ಮುಗಿಸಿದರೂ ಏಳದಿದ್ದಾಗ, ಹೊಸದನ್ನು ಕೊಳ್ಳುವ ಮಾತು ಮನೆಯಲ್ಲಿ ಹುಟ್ಟುವುದು ಸಹಜ. ಆದರೆ ಹಣ ಸುರಿಯುವ ಮುನ್ನ ರೋಗದ ಮೂಲವನ್ನು ಅರಿಯುವುದು ಲೇಸು. ವಿಂಡೋಸ್ ಬಳಸುವ ಯಂತ್ರಗಳನ್ನು ಕುರಿತು ನಾವಿಲ್ಲಿ ಕೆಲವು ವಿಚಾರಗಳನ್ನು ಓದುಗರ ಮುಂದಿಡುತ್ತೇವೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ಯಂತ್ರದಿಂದ ಟಕಟಕ ಸದ್ದು ಬರುತ್ತಿದ್ದರೆ, ಕಡತಗಳು ತೆರೆಯದೆ ಸತಾಯಿಸುತ್ತಿದ್ದರೆ, ಆ ನಿಧಾನವು ಹಾರ್ಡ್ ಡಿಸ್ಕ್ ಕೆಡುತ್ತಿರುವುದರ ಮುನ್ಸೂಚನೆಯಾಗಿರಬಹುದು. ಆಗ ಬೇರಾವ ಪ್ರಯೋಗಕ್ಕೂ ಕೈಹಾಕದೆ, ಮುಖ್ಯ ಕಾಗದಪತ್ರ ಹಾಗೂ ಚಿತ್ರಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಡಬೇಕು. ಯಂತ್ರವನ್ನು ಮತ್ತೆ ಕೊಳ್ಳಬಹುದು. ಅಗಲಿದ ತಂದೆತಾಯಿಯರ ಚಿತ್ರಗಳನ್ನು ಕೊಳ್ಳಲಾಗದು.

ಇನ್ನು ವಿಳಂಬವು ಯಾವ ಘಟ್ಟದಲ್ಲಿ ಆಗುತ್ತಿದೆಯೆಂಬುದನ್ನು ಗಡಿಯಾರ ಹಿಡಿದು ನೋಡಬೇಕು. ವಿಂಡೋಸ್ ಚಿಹ್ನೆ ಮೂಡುವುದಕ್ಕೆ ಮೊದಲೇ ತಡವಾದರೆ, ದೋಷವು ಬಹುಮಟ್ಟಿಗೆ ವಿಂಡೋಸಿನದಲ್ಲ. ಆ ಘಟ್ಟದಲ್ಲಿ ಯಂತ್ರವು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿರುತ್ತದೆ. ಮರೆತು ಚುಚ್ಚಿಟ್ಟ ಪೆನ್ ಡ್ರೈವ್ ಕೂಡ ಇಲ್ಲಿ ಅಡ್ಡಿಯಾಗಬಲ್ಲದು, ತೆಗೆದು ನೋಡಿರಿ. ಪ್ರತಿಸಲ ದಿನಾಂಕ, ವೇಳೆ ತಪ್ಪಾಗಿ ಕಾಣುತ್ತಿದ್ದರೆ ಒಳಗಿನ ನಾಣ್ಯದಾಕಾರದ ಪುಟ್ಟ ಬ್ಯಾಟರಿಯು ಬರಿದಾಗಿರುವ ಸಂಭವವುಂಟು.

ಪರದೆಯೇನೋ ಬೇಗ ಬಂದು, ಅನಂತರ ಯಂತ್ರವು ತಿಣುಕುತ್ತಿದ್ದರೆ ಕಾರಣ ಬೇರೆ. ನಾವು ಸೇರಿಸುತ್ತ ಹೋಗುವ ಹಲವು ತಂತ್ರಾಂಶಗಳು, ಕರೆಯದಿದ್ದರೂ ಬರುವ ಅತಿಥಿಗಳಂತೆ, ಯಂತ್ರದೊಡನೆ ತಾವೂ ಎಚ್ಚರಗೊಳ್ಳುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅದರ ಸ್ಟಾರ್ಟಪ್ ವಿಭಾಗದಲ್ಲಿ ಇವುಗಳ ಪಟ್ಟಿಯಿದೆ. ಬೇಡವಾದುದನ್ನು ಡಿಸೇಬಲ್ ಮಾಡಿದರೆ ಸಾಕು. ತಂತ್ರಾಂಶವು ಅಳಿಯುವುದಿಲ್ಲ, ಬೇಕಾದಾಗ ತೆರೆದುಕೊಳ್ಳಬಹುದು. ವೈರಸ್ ನಿರೋಧಕವನ್ನು ಮಾತ್ರ ಮುಟ್ಟಬಾರದು.

ಈ ಎರಡೂ ಘಟ್ಟಗಳ ನಡುವೆ, ಚಿಹ್ನೆಯ ಕೆಳಗೆ ಚುಕ್ಕಿಗಳು ಸುತ್ತುತ್ತಲೇ ಇದ್ದರೆ, ಹಳೆಯ ಯಂತ್ರಗಳಲ್ಲಿ ಹಾರ್ಡ್ ಡಿಸ್ಕನ್ನು ಶಂಕಿಸಬೇಕು. ಅದರೊಳಗಿನ ತಟ್ಟೆಯು ನಿಮಿಷಕ್ಕೆ 5400 ಅಥವಾ 7200 ಬಾರಿ ತಿರುಗುತ್ತದೆ. ಏಳುವ ಹೊತ್ತಿನಲ್ಲಿ ಸಾವಿರಾರು ಸಣ್ಣ ಕಡತಗಳನ್ನು ಹುಡುಕಲು ಅದರ ಮುಳ್ಳು ಅತ್ತಿಂದಿತ್ತ ಓಡಾಡಬೇಕು. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ.ಗೆ ಈ ಓಡಾಟವಿಲ್ಲ. ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿಸಿದರೆ, ಹೊಸ ಯಂತ್ರದ ಬೆಲೆಯ ಒಂದು ಪಾಲಿನಲ್ಲಿಯೇ ಹಳೆಯ ಯಂತ್ರಕ್ಕೆ ಹೊಸ ಜೀವ ಬರುವುದುಂಟು.

ಮತ್ತೊಂದು ಮಾತು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆಯಿದೆ. ಅದು ಚಾಲ್ತಿಯಲ್ಲಿದ್ದಾಗ ಶಟ್ ಡೌನ್ ಮಾಡಿದರೂ ವ್ಯವಸ್ಥೆಯ ಒಂದಂಶವು ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೆಯೇ ಮರಳುತ್ತದೆ. ರೀಸ್ಟಾರ್ಟ್ ಮಾಡಿದಾಗಲೇ ಎಲ್ಲವೂ ಹೊಸದಾಗಿ ಆರಂಭವಾಗುವುದು. ಆದ್ದರಿಂದ ಆಗಾಗ ರೀಸ್ಟಾರ್ಟ್ ಮಾಡುವ ರೂಢಿ ಒಳ್ಳೆಯದು.

ಯಂತ್ರವನ್ನು ಕ್ಷಣದಲ್ಲಿ ಚುರುಕುಗೊಳಿಸುವೆವೆಂಬ ಜಾಹೀರಾತುಗಳಿಗೆ ಮರುಳಾಗಬೇಡಿರಿ. ದೂರವಾಣಿ ಕರೆಮಾಡಿ, ನಿಮ್ಮ ಯಂತ್ರ ಕೆಟ್ಟಿದೆ, ದೂರದಿಂದಲೇ ಸರಿಪಡಿಸುವೆವು ಎನ್ನುವವರನ್ನಂತೂ ನಂಬಲೇಬಾರದು. ಅವರ ಕಣ್ಣಿರುವುದು ನಿಮ್ಮ ಬ್ಯಾಂಕಿನ ಖಾತೆಯ ಮೇಲೆ. ಮನೆಯಲ್ಲಿ ಒಬ್ಬಂಟಿಯಾಗಿರುವ ಹಿರಿಯರಿಗೆ ಇದನ್ನು ಮುಂಚೆಯೇ ತಿಳಿಸಿ ಹೇಳಿರಬೇಕು.

ಹೊಸ ಯಂತ್ರವು ನಿಜಕ್ಕೂ ಅಗತ್ಯವಾಗುವ ಸಂದರ್ಭಗಳೂ ಇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಅನ್ನು ಹೊರಲಾರದ ತೀರ ಹಳೆಯ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವ ಮನೆಯವರು ಈ ದಿಸೆಯಲ್ಲಿ ಯೋಚಿಸಬೇಕು. ಉಳಿದವರು ಮೇಲಿನ ಕ್ರಮಗಳನ್ನು ಒಂದೊಂದಾಗಿ, ಪ್ರತಿ ಸಲವೂ ವೇಳೆಯನ್ನು ಬರೆದಿಟ್ಟುಕೊಂಡು, ಅನುಸರಿಸಿ ನೋಡಲಿ. ಯಾವುದರಿಂದ ಗುಣವಾಯಿತೆಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಬೆವರು ಸುರಿಸಿ ಗಳಿಸಿದ ಹಣವೂ ಉಳಿಯುತ್ತದೆ.