ದಿನಬಳಕೆಗೆ ತೆಳ್ಳನೆಯ ಡೈವ್ ವಾಚು: ಇಚಲಕರಂಜಿಯವರು ಆರಿಸುವಾಗ

ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಗೆ ಸಮುದ್ರ ದೂರ. ಘಟ್ಟ ಇಳಿದು ಮಾಲವಣ, ತಾರಕರ್ಲಿ ಮುಟ್ಟಿದರೆ ಅಲ್ಲಿ ಸ್ಕೂಬಾ ಡೈವಿಂಗ್ ಉಂಟು. ಆದರೆ ಮೊದಲ ಸಲ ನೀರಿಗಿಳಿಯುವವರನ್ನು ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ. ಹೀಗಿರುವಾಗ 200 ಮೀಟರ್ ಎಂದು ಬರೆದ ಡೈವ್ ವಾಚು ಈ ಊರಿನವರಿಗೆ ಏತಕ್ಕೆ ಎಂದು ಕೇಳುವವರಿದ್ದಾರೆ. ಬೇಕು ಎಂದೇ ನಾನು ಹೇಳುತ್ತೇನೆ. ಬೇಕಿರುವುದು ಆಳಕ್ಕಲ್ಲ, ಬೆವರಿಗೆ.

1904ರಲ್ಲಿ ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಆಶ್ರಯದಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಅಂದಿನಿಂದ ಊರು ಬೆಳೆದದ್ದೆಲ್ಲ ಮಗ್ಗದ ಮೇಲೆಯೇ. 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕನ್ನಡದ ಕೈಗಳು ಇಲ್ಲಿನ ಶೆಡ್ಡುಗಳಲ್ಲಿ ಬಹಳ ಕಾಲದಿಂದ ದುಡಿಯುತ್ತಿವೆ. ಹತ್ತಿಯ ನೂಲು ಒಣಹವೆಯಲ್ಲಿ ಪಟಪಟ ಕಡಿಯುತ್ತದೆ, ತೇವವಿದ್ದರೆ ತಡೆಯುತ್ತದೆ. ಆದ್ದರಿಂದ ಮಗ್ಗದ ಶೆಡ್ಡು ಎಂದರೆ ಸೆಕೆ, ಬೆವರು, ಮೈಮೇಲೆಲ್ಲ ಹತ್ತಿಯ ಸಣ್ಣ ಎಳೆ. ಸೈಜಿಂಗ್ ಘಟಕಕ್ಕೆ ಹೋದರೆ ಗಂಜಿ ಕುದಿಯುವ ಹಬೆ. ಪಾಳಿ ಮುಗಿದ ಮೇಲೆ ಕೈಕಾಲು ತೊಳೆಯುವುದು ತಣ್ಣೀರಿನಲ್ಲಿ. ಮಳೆಗಾಲ ಬಂತೆಂದರೆ ಪಂಚಗಂಗೆಯ ನೆರೆ ಬೇರೆ. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ನದಿ 43 ಅಡಿ ಮುಟ್ಟಿದರೆ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ಅದು 55 ಅಡಿ ದಾಟಿತ್ತು. ಎದೆಮಟ್ಟದ ನೀರಲ್ಲಿ ಸಾಮಾನು ಹೊತ್ತು ಸಾಗುವಾಗ ಕೈಯಲ್ಲಿರುವ ವಾಚಿನ ಚಿಂತೆ ಯಾರಿಗೂ ಇರಬಾರದು, ಅದು ತಾನೇ ತಡೆದುಕೊಳ್ಳಬೇಕು.

ಸಾಮಾನ್ಯ ವಾಚು ಈ ಊರಲ್ಲಿ ಹೇಗೆ ಸಾಯುತ್ತದೆ ಎಂಬುದನ್ನು ರಿಪೇರಿ ಅಂಗಡಿಯ ಮೇಜಿನ ಮುಂದೆ ನಿಂತು ನೋಡಬೇಕು. ಹಿಂದಿನ ಮುಚ್ಚಳ ತೆಗೆದರೆ ಅಂಚಿನಲ್ಲಿ ಬೂದುಬಣ್ಣದ ಅಂಟು ಜಿಗುಟು: ಬೆವರು, ಸೋಪು, ಹತ್ತಿಧೂಳು ಮೂರೂ ಸೇರಿ ಆದದ್ದು. ಅದರ ಕೆಳಗೆ ಮುಚ್ಚಳದ ಸುತ್ತ ಕೂರುವ ತೆಳು ರಬ್ಬರ್ ಉಂಗುರ. ಹೊಸದಿದ್ದಾಗ ದುಂಡಗೆ, ಒತ್ತಿದರೆ ಚಿಮ್ಮುವಂತೆ ಇದ್ದದ್ದು ಈಗ ಚಪ್ಪಟೆಯಾಗಿ, ಉಗುರು ತಾಗಿದರೆ ತುಂಡಾಗುತ್ತದೆ. ಚಾವಿಯ ಕಡ್ಡಿ ಹೊರಗೆಳೆದರೆ ತುದಿಗೆ ಕೆಂಪು ತುಕ್ಕು. ನೀರು ಒಳಗೆ ಬಂದದ್ದು ಅಲ್ಲಿಂದಲೇ. ಗಾಜು ಒಡೆದು ಕೆಡುವ ವಾಚುಗಳಿಗಿಂತ ಹೀಗೆ ಚಾವಿಯ ಸಂದಿನಿಂದ ಸದ್ದಿಲ್ಲದೆ ಕೆಡುವ ವಾಚುಗಳೇ ಹೆಚ್ಚು.

ಮೀಟರಿನ ಲೆಕ್ಕ ಬಹಳ ಜನರನ್ನು ದಾರಿ ತಪ್ಪಿಸಿದೆ. 30 ಮೀಟರ್ ಎಂದು ಬರೆದ ವಾಚು 30 ಮೀಟರ್ ಆಳಕ್ಕೆ ಇಳಿಯುವುದಕ್ಕಲ್ಲ. ಕೈ ತೊಳೆಯುವಾಗ ಸಿಡಿದ ಹನಿ, ದಾರಿಯಲ್ಲಿ ಹಿಡಿದ ಮಳೆ, ಇಷ್ಟನ್ನು ಅದು ತಡೆದೀತು. 50 ಮೀಟರಿನದು ಮೆಲ್ಲನೆ ಈಜುವುದಕ್ಕೆ ಸಾಕೆನ್ನುತ್ತಾರೆ. ನಾನಾದರೆ ಬಾವಿಗೆ ಹಾರುವ ಹುಡುಗನ ಕೈಗೆ ಅದನ್ನು ಕಟ್ಟುವುದಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಅಂಗಡಿಯಲ್ಲಿ ಬರೆದ ಅಂಕಿ ಹೊಸ ರಬ್ಬರಿನದು, ನಿಂತ ನೀರಿನ ಒತ್ತಡದ್ದು. ಎರಡು ವರ್ಷ ಬೆವರು ಕುಡಿದ ರಬ್ಬರಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಆದ್ದರಿಂದಲೇ 100 ಅಥವಾ 200 ಮೀಟರಿನ ವಾಚು. ಅದರ ಬಂದೋಬಸ್ತು ಸವೆದರೂ ನಮ್ಮ ಅಗತ್ಯಕ್ಕೆ ಮಿಗುತ್ತದೆ.

ನಿಜವಾದ ಡೈವ್ ವಾಚಿಗೆ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ, ಐಎಸ್‌ಒ 6425. ಕನಿಷ್ಠ 100 ಮೀಟರ್, ಕತ್ತಲೆಯಲ್ಲಿ 25 ಸೆಂಟಿಮೀಟರ್ ದೂರದಿಂದ ಓದಲು ಬರುವ ಮುಳ್ಳುಗಳು, ಹೊಡೆತ, ಅಯಸ್ಕಾಂತ ಮತ್ತು ಉಪ್ಪುನೀರು ತಾಳುವ ಶಕ್ತಿ ಇರಲೇಬೇಕು. ಬರೆದ ಆಳಕ್ಕಿಂತ ಶೇ 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪ್ರತಿಯೊಂದು ವಾಚನ್ನೂ ಪರೀಕ್ಷಿಸಬೇಕು. ಇದರಲ್ಲಿ ಗೆದ್ದದ್ದರ ಮೇಲೆ ಮಾತ್ರ ‘ಡೈವರ್ಸ್’ ಎಂಬ ಪದ ಬರೆಯಬಹುದು. ‘ವಾಟರ್ ರೆಸಿಸ್ಟ್’ ಎಂದಷ್ಟೇ ಇದ್ದರೆ ಅದು ಬೇರೆ ಜಾತಿ. ಮೋಸವೇನಲ್ಲ, ಆದರೆ ಎರಡೂ ಒಂದೇ ಎಂದು ತಿಳಿಯಬಾರದು.

ಡೈವ್ ವಾಚು ಬೆಳೆದದ್ದು ನೌಕಾಪಡೆಯ ನೀರಿನಲ್ಲಿ. 1953ರಲ್ಲಿ ಬ್ಲಾಂಪಾಂ ಕಂಪನಿ ಫ್ರೆಂಚ್ ನೌಕಾಪಡೆಯ ಮುಳುಗುಗಾರರಿಗಾಗಿ ‘ಫಿಫ್ಟಿ ಫ್ಯಾದಮ್ಸ್’ ಮಾಡಿತು. ರೋಲೆಕ್ಸ್ ಸಬ್‌ಮರೀನರ್ ಕೂಡ ಅದೇ ಕಾಲದ್ದು. ನೀರಿನಲ್ಲಿ ಕಳೆದ ಹೊತ್ತು ಅಳೆಯಲು ಗಾಜಿನ ಸುತ್ತ ತಿರುಗುವ ಬಳೆ ಎರಡರಲ್ಲೂ ಇತ್ತು. ಆ ಬಳೆ ಈಗಿನ ಡೈವ್ ವಾಚುಗಳಲ್ಲಿ ಒಂದೇ ದಿಕ್ಕಿಗೆ ತಿರುಗುತ್ತದೆ. ಬಂಡೆಗೆ ಬಡಿದು ಅದು ಜರುಗಿದರೂ ಕಳೆದ ಹೊತ್ತು ಹೆಚ್ಚಾಗಿ ಕಾಣಬೇಕೇ ಹೊರತು ಕಡಿಮೆಯಾಗಿ ಅಲ್ಲ. ಮುಳುಗಿದವನು ಬೇಗ ಮೇಲೆ ಬಂದಾನು, ತಡವಾಗಿ ಅಲ್ಲ. ಇಷ್ಟು ಸಣ್ಣ ಲೋಹದ ಬಳೆಯೊಳಗೆ ಒಂದು ಜೀವದ ಕಾಳಜಿ ಅಡಗಿದೆ.

ಆ ಬಳೆ ನಮ್ಮ ಊರಲ್ಲೂ ದುಡಿಯುತ್ತದೆ. ಮಗ್ಗದ ಗದ್ದಲದಲ್ಲಿ ಮೊಬೈಲಿನ ಅಲಾರಂ ಕೇಳುವುದಿಲ್ಲ. ಬಳೆಯ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ನಿಲ್ಲಿಸಿದರೆ ಆಯಿತು, ಎಷ್ಟು ಹೊತ್ತಾಯಿತು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿ ದಂಡೆಯ ಕಬ್ಬಿನ ಗದ್ದೆಗೆ ಮೋಟಾರು ಹಚ್ಚಿ ಬಂದವರಿಗೂ, ಒಲೆಯ ಮೇಲೆ ಬೇಳೆ ಇಟ್ಟವರಿಗೂ ಇದೇ ಉಪಾಯ ಸಾಕು.

ಇನ್ನು ತೆಳುವಿನ ಮಾತು. ನನಗೆ ಇದೇ ಮುಖ್ಯ. ಕಡಿದ ಎಳೆ ಹುಡುಕಿ ಫಣಿಯ ಹಲ್ಲಿನಲ್ಲಿ ತೂರಿಸುವಾಗ ಕೈ ಹಾಸಿನ ಮೇಲೆ ಬಾಗಿರುತ್ತದೆ. 14 ಮಿಲಿಮೀಟರ್ ದಪ್ಪದ ವಾಚು ಅಲ್ಲಿ ಅಕ್ಕಪಕ್ಕದ ಎಳೆಗಳಿಗೂ ಸಿಕ್ಕುತ್ತದೆ. ಅಂಗಿಯ ತೋಳಿಗೆ ಸಿಕ್ಕುತ್ತದೆ, ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ. ಬಡಿದ ಪ್ರತಿ ಸಲ ಚಾವಿಗೆ ಪೆಟ್ಟು. ದಪ್ಪ ವಾಚನ್ನು ಜನ ಹಬ್ಬಕ್ಕೆ ಕಟ್ಟಿ ಕಪಾಟಿನಲ್ಲಿಡುತ್ತಾರೆ, ತೆಳ್ಳಗಿನದು ದಿನಾ ಮುಂಗೈ ಮೇಲಿರುತ್ತದೆ.

ವಾಚು ದಪ್ಪವಾಗುವುದಕ್ಕೆ ಕಾರಣಗಳು ಒಳಗಿವೆ. ಒತ್ತಡ ತಡೆಯಲು ಗಾಜೂ ಮುಚ್ಚಳವೂ ದಪ್ಪವಿರಬೇಕು, ಅದರ ಮೇಲೆ ಬಳೆಯ ಎತ್ತರ. ಇವನ್ನು ಬಹಳ ಕಡಿಮೆ ಮಾಡಲಾಗದು. ಉಳಿದದ್ದು ಯಂತ್ರ. ಅಗ್ಗದ ಆಟೊಮ್ಯಾಟಿಕ್ ಡೈವ್ ವಾಚುಗಳಲ್ಲಿ ಹೆಚ್ಚಾಗಿ ಕಾಣುವ ಸೈಕೊದ ಎನ್‌ಎಚ್35 ಯಂತ್ರದ ದಪ್ಪ 5.32 ಮಿಲಿಮೀಟರ್. ಮಿಯೋಟಾ 9015 ಆದರೆ 3.9. ಸ್ವಿಸ್ ಇಟಿಎ 2892 ಆದರೆ 3.6. ಕೊಳ್ಳುವವರು ಡಯಲಿನ ಬಣ್ಣ ಕೇಳುತ್ತಾರೆ, ಒಳಗಿನ ಯಂತ್ರ ಯಾವುದೆಂದು ಕೇಳುವುದಿಲ್ಲ. ತೆಳ್ಳನೆಯದು ಬೇಕಿದ್ದರೆ ಮೊದಲ ಪ್ರಶ್ನೆ ಅದೇ ಆಗಬೇಕು.

ತೆಳುವಿನ ವಿದ್ಯೆ ನಮ್ಮವರಿಗೆ ಹೊಸದೇನಲ್ಲ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡತೊಡಗಿತು. ಅದರ ‘ಸೋನಾ’ ತೆಳ್ಳಗಿನ ಚಾವಿ ವಾಚೆಂದು ಹೆಸರಾಗಿತ್ತು. ಬೆಂಗಳೂರಿನ ಮಗ್ಗುಲಿನ ಹೊಸೂರಿನಲ್ಲಿ ಟೈಟಾನ್ 2002ರಲ್ಲಿ ‘ಎಡ್ಜ್’ ತಂದಾಗ ಯಂತ್ರದ ದಪ್ಪ 1.15 ಮಿಲಿಮೀಟರ್, ಇಡೀ ವಾಚು 3.5. ಅಷ್ಟು ತೆಳುವಾಗಿಯೂ ಅದು 30 ಮೀಟರಿನ ತಡೆ ಇಟ್ಟುಕೊಂಡಿತ್ತು. ನಮ್ಮ ಎಂಜಿನಿಯರುಗಳ ದೊಡ್ಡ ಸಾಧನೆ ಅದು, ಹೆಮ್ಮೆಯಿಂದ ಹೇಳಬೇಕಾದದ್ದು. ಆದರೆ ಬಾವಿಗೆ ಇಳಿಯುವ ವಾಚಲ್ಲ. ಹಳೆಯ ಮನೆಗಳಲ್ಲಿ ಈಗಲೂ ಸಿಗುವ ಫಾವ್ರೆ ಲ್ಯೂಬಾದ ‘ಸೀ ಕಿಂಗ್’, ‘ಸೀ ಚೀಫ್’ ಕೂಡ ಹೆಸರಿನಲ್ಲಿ ಸಮುದ್ರ ಹೊತ್ತಿದ್ದರೂ ಮುಳುಗಲು ಮಾಡಿದವಲ್ಲ. ಆ ಕಂಪನಿಯ ಡೈವ್ ವಾಚು ‘ಡೀಪ್ ಬ್ಲೂ’, ಅದು ಬೇರೆ. ಅಜ್ಜನ ಸೀ ಕಿಂಗ್ ಕಟ್ಟಿಕೊಂಡು ನೃಸಿಂಹವಾಡಿಯ ಸಂಗಮದಲ್ಲಿ ಮುಳುಗು ಹಾಕಬೇಡಿ.

ಹಾಗಾದರೆ ಯಾವುದು? 10ರಿಂದ 12 ಮಿಲಿಮೀಟರ್ ಒಳಗಿನ ದಪ್ಪ, 38ರಿಂದ 41ರ ಅಗಲ, 100ರಿಂದ 200 ಮೀಟರ್, ತಿರುಪಿ ಬಿಗಿಸುವ ಚಾವಿ, 316ಎಲ್ ಸ್ಟೀಲ್. ನನ್ನ ಅಳತೆ ಇಷ್ಟೇ. ಲೇಪ ಕೊಟ್ಟ ಮಿಶ್ರಲೋಹ ಬೆವರಿಗೆ ಬಣ್ಣ ಬಿಡುತ್ತದೆ, ಅದು ಬೇಡ. ಕ್ಯಾಸಿಯೊ ಡ್ಯೂರೊ ಕೈಗೆಟುಕುವ ಬೆಲೆಯ 200 ಮೀಟರಿನ ಗಟ್ಟಿ ವಾಚು. ದಪ್ಪ 12ರ ಹತ್ತಿರ, ಆದರೆ ಅಗಲ 44 ದಾಟುತ್ತದೆ, ಸಣ್ಣ ಮುಂಗೈಗೆ ತಟ್ಟೆಯಂತೆ ಕಾಣುತ್ತದೆ. ಸಿಟಿಜನ್ ಪ್ರೊಮಾಸ್ಟರಿನ ಹಲವು ಮಾದರಿಗಳು ಬೆಳಕಿನಿಂದ ಓಡುತ್ತವೆ. ಸೆಲ್ಲು ಬದಲಿಸಲು ಮೇಲಿಂದ ಮೇಲೆ ಮುಚ್ಚಳ ತೆಗೆಯುವ ಪ್ರಸಂಗವಿಲ್ಲ, ಆದ್ದರಿಂದ ರಬ್ಬರ್ ಉಂಗುರಕ್ಕೂ ತೊಂದರೆ ಕಡಿಮೆ. ಮಗ್ಗದ ಊರಿಗೆ ನನ್ನ ಮತ ಇವಕ್ಕೇ. ಹಣವಿದ್ದವರು ಲಕ್ಷಗಳ ಲೆಕ್ಕದ ಟ್ಯೂಡರ್ ಬ್ಲ್ಯಾಕ್ ಬೇ 58 ನೋಡಬಹುದು: 39 ಮಿಲಿಮೀಟರ್ ಅಗಲ, 11.9 ದಪ್ಪ, 200 ಮೀಟರ್. ಕೊಲ್ಹಾಪುರದ ಮಹಾದ್ವಾರ ರಸ್ತೆಗೋ ರಾಜಾರಾಮಪುರಿಗೋ ಹೋಗಿ ಕೊಳ್ಳುವಾಗ ವಾಚನ್ನು ಕೈಗೆ ಕಟ್ಟಿ, ತೋಳಿನ ಗುಂಡಿ ಹಾಕಿ ನೋಡಿ. ವಾಚಿನ ಕಾಲುಗಳು ಮುಂಗೈ ಅಂಚು ಮೀರಿ ಹೊರಚಾಚಿದರೆ ತೆಳ್ಳಗಿದ್ದೂ ಪ್ರಯೋಜನವಿಲ್ಲ.

ಪಟ್ಟಿ ಚರ್ಮದ್ದು ಬೇಡ, ಒಂದೇ ಮಳೆಗಾಲದಲ್ಲಿ ವಾಸನೆ ಹಿಡಿಯುತ್ತದೆ. ರಬ್ಬರ್ ಅಥವಾ ಸ್ಟೀಲ್ ಇರಲಿ. ಓಡುವ ಮಗ್ಗದ ಪಟ್ಟೆ, ಗೇರುಗಳ ಹತ್ತಿರ ಕೈ ಹಾಕುವ ಮೊದಲು ಮಾತ್ರ ಯಾವುದೇ ವಾಚಾದರೂ ಬಿಚ್ಚಿಡಿ. ವಾಚು ಎಷ್ಟೇ ತೆಳ್ಳಗಿರಲಿ, ಯಂತ್ರಕ್ಕೆ ಸಿಕ್ಕರೆ ಹಿಡಿದೆಳೆಯುವುದು ಕೈಯನ್ನು.

ಕೊಲ್ಹಾಪುರದ ಈಜಿನ ಮಣ್ಣು ಈಜುಗಾರ ವೀರಧವಲ ಖಾಡೆಯವರನ್ನು 2008ರ ಬೀಜಿಂಗ್ ಒಲಿಂಪಿಕ್ಸಿಗೆ ಕಳಿಸಿದೆ. ಇಲ್ಲಿನ ಮಕ್ಕಳು ಬಾವಿ, ನದಿ ಬಿಡುವವರಲ್ಲ, ಬಿಡಲೂಬಾರದು. ಅವರಿಗೆ ವಾಚು ಕೊಡಿಸುವ ಹಿರಿಯರು ಎರಡು ಮಾತು ಹೇಳಿಕೊಡಿ: ನೀರಿನಲ್ಲಿರುವಾಗ ಚಾವಿ ಎಳೆಯಬಾರದು, ಬಿಸಿನೀರಿನ ಸ್ನಾನಕ್ಕೆ, ಹಬೆಗೆ ವಾಚು ಒಯ್ಯಬಾರದು. ಬಿಸಿಗೆ ರಬ್ಬರ್ ಸಡಿಲಾಗುತ್ತದೆ, ತಣಿದಾಗ ಒಳಗೆ ಸೇರಿದ ಹಬೆ ಗಾಜಿನ ಕೆಳಗೆ ಹನಿಗಟ್ಟುತ್ತದೆ.

ಕೊನೆಯದಾಗಿ ರಿಪೇರಿಯವರ ಹತ್ತಿರ ಒಂದು ವಿನಂತಿ, ಗಿರಾಕಿಗಳ ಹತ್ತಿರ ಒಂದು. ಸೆಲ್ಲು ಹಾಕಿ ಹಳೆಯ ಉಂಗುರವನ್ನೇ ಒತ್ತಿ ಮುಚ್ಚಿ ಕಳಿಸಬೇಡಿ. ಆ ಕ್ಷಣಕ್ಕೆ 200 ಮೀಟರಿನ ವಾಚು ಕೈ ತೊಳೆಯಲೂ ಬಾರದ ವಾಚಾಗುತ್ತದೆ. ಗಿರಾಕಿಯೂ ಬರೀ ಸೆಲ್ಲಿನ ದುಡ್ಡು ಕೊಟ್ಟು ಎದ್ದು ಹೋಗಬಾರದು. ‘ರಬ್ಬರ್ ಹೊಸಾದು ಹಾಕ್ರಿ, ಸಿಲಿಕೋನ್ ಗ್ರೀಸ್ ಹಚ್ಚ್ರಿ, ಒತ್ತಡದ ಮಷೀನಿನ್ಯಾಗ ನೋಡಿ ಕೊಡ್ರಿ’ ಎಂದು ಕೇಳಿ ಪಡೆಯಿರಿ. ಮಷೀನು ಇಲ್ಲದ ಅಂಗಡಿಯಾದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ಖರ್ಚು ಸ್ವಲ್ಪ ಹೆಚ್ಚು, ಆದರೆ ವಾಚಿನ ಮೇಲೆ ಬರೆದ 200ಕ್ಕೆ ಬೆಲೆ ಬರುವುದು ಅಷ್ಟು ಮಾಡಿದಾಗ ಮಾತ್ರ.